ಹದಿನಾರು ಮಿಲಿಮೀಟರಿನ ಎತ್ತರ

ಗಾಡಿ ನನ್ನ ಹೆಸರಿನಲ್ಲಿದೆ. ದಿನಾ ಓಡಿಸುವವಳೂ ನಾನೇ. ಆದರೆ ಅದಕ್ಕೆ ಯಾವ ಟೈರು ಹಾಕಬೇಕೆಂಬ ಮಾತು ಬಂದ ಕೂಡಲೇ ಬೈಲಹೊಂಗಲದ ಟೈರಿನಂಗಡಿಯ ಯಮನಪ್ಪ ನನ್ನ ಗಂಡನ ಮುಖ ನೋಡಿಕೊಂಡು ಮಾತಾಡತೊಡಗಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಅಳತೆಪಟ್ಟಿ ಹಿಡಿದುಕೊಂಡು.

"ಸರ, ಕಂಪನಿ ಸೈಜ್ ಹಾಕಸ್ತೀರೋ, ಬ್ಯಾರೆ ನೋಡ್ತೀರೋ?"

ನನ್ನ ಗಂಡ ವಿರೂಪಾಕ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ನಮ್ಮ ಗಾಡಿಯ ಟೈರಿನ ಅಳತೆ ಎಷ್ಟೆಂದು ಆ ದಿನದವರೆಗೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಗಂಡಸರಿಗೆ ಇರುವ ಧೈರ್ಯ ಗೊತ್ತಿರುವ ವಿಷಯದಲ್ಲಿ ಇರುವುದಿಲ್ಲ.

"ಅಗಲ ಇರಬೇಕು ನೋಡ್ರಿ" ಎಂದರು. "ಅಗಲ ಇದ್ದಷ್ಟು ರೋಡ್ ಗಟ್ಟಿ ಹಿಡೀತಾವು. ನೋಡಾಕೂ ಭಾರಿ ಕಾಣ್ತಾವು."

ನನಗೆ ಮೈ ಉರಿಯಿತು. ಯಾಕೆ ಉರಿಯಿತೆಂದು ಹೇಳಬೇಕಾದರೆ ಒಂದು ತಿಂಗಳು ಹಿಂದಕ್ಕೆ ಹೋಗಬೇಕು.

ನಾನು ದನದ ಡಾಕ್ಟರು. ದೊಡವಾಡದ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಹೊಲದ ಮನೆಗಳಲ್ಲಿ ನನ್ನ ಕೆಲಸ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೊಲದ ದಾರಿಗಳನ್ನೆಲ್ಲ ಉತ್ತು ಹಾಕುತ್ತವೆ. ಗಾಲಿ ಹೋದಲ್ಲಿ ಎರಡು ಕಾಲುವೆ, ನಡುವೆ ಒಂದು ದಿಬ್ಬ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರ, ಅದಕ್ಕೇನೂ ಆಗುವುದಿಲ್ಲ. ನನ್ನ ಕಾರಿನ ಹೊಟ್ಟೆ ಮಾತ್ರ ಆ ದಿಬ್ಬವನ್ನು ಕೆರೆದುಕೊಂಡೇ ಹೋಗಬೇಕು. ದೀಪಾವಳಿ ಮುಗಿದ ವಾರ ಕಿತ್ತೂರಿನ ಕಡೆಯ ಒಬ್ಬಾಕೆಯ ಆಕಳು ಈಯಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂತು. ಅಲ್ಲಿಯ ಡಾಕ್ಟರು ರಜೆಯಲ್ಲಿದ್ದರು, ನಾನು ಹೊರಟೆ. ದಾರಿಯಲ್ಲಿ ದಿಬ್ಬದೊಳಗಿನ ಕಲ್ಲು ಬಡಿದು ಇಂಜಿನ್ನಿನ ಕೆಳಗಿನ ಎಣ್ಣೆಯ ತಟ್ಟೆ ಒಡೆಯಿತು. ಎಣ್ಣೆಯೆಲ್ಲ ಮಣ್ಣುಪಾಲಾಯಿತು. ಬೇರೆ ಗಾಡಿ ಹಿಡಿದು ಹೋಗುವಷ್ಟರಲ್ಲಿ ಒಂದೂವರೆ ತಾಸು. ಆಕಳೂ ಸತ್ತಿತ್ತು, ಕರುವೂ ಸತ್ತಿತ್ತು.

ಆಕೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇನ್ನೊಮ್ಮೆ ತಡವಾಗಿ ಹೋಗಿ ಒಂದು ಮೂಕಪ್ರಾಣಿಯ ಕಣ್ಣು ಮುಚ್ಚಿಸಬಾರದು ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ.

ಹೇಗೂ ಹಳೇ ಟೈರು ಬೋಳಾಗಿದ್ದವು. ಗಾಡಿಯ ಗಾಲಿ ಬದಲಿಸದೆ, ಅದೇ ಗಾಲಿಗೆ ಸ್ವಲ್ಪ ಎತ್ತರದ ಟೈರು ಕೂರಿಸಿದರೆ ಹೊಟ್ಟೆ ಅಷ್ಟು ಮೇಲೇಳುತ್ತದೆ. ಇದು ನನ್ನ ವಿಚಾರ. ನಾನು ಕೂತು ಲೆಕ್ಕ ಹಾಕಿದ್ದೆ. ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳು ಏನೂ ಬ್ರಹ್ಮವಿದ್ಯೆಯಲ್ಲ. ನನ್ನ ಗಾಡಿಯ ಬಾಗಿಲ ಕಂಬದ ಮೇಲೆ 165/80 ಆರ್ 14 ಎಂದಿದೆ. ನೂರಾ ಅರವತ್ತೈದು ಮಿಲಿಮೀಟರು ಅಗಲ, ಆ ಅಗಲದ ನೂರಕ್ಕೆ ಎಂಬತ್ತರಷ್ಟು ಎತ್ತರ, ಹದಿನಾಲ್ಕು ಇಂಚಿನ ಗಾಲಿ. ಅಂದರೆ ಗಾಲಿಯ ಅಂಚಿನಿಂದ ನೆಲದವರೆಗೆ ನೂರಾ ಮೂವತ್ತೆರಡು ಮಿಲಿಮೀಟರು ರಬ್ಬರು. ಅದರ ಬದಲು 185/80 ಹಾಕಿದರೆ ನೂರಾ ನಲವತ್ತೆಂಟು. ಹೊಟ್ಟೆ ಹದಿನಾರು ಮಿಲಿಮೀಟರು ಮೇಲೆ. ಹೆಚ್ಚುಕಡಿಮೆ ಒಂದು ಹೆಬ್ಬೆರಳ ದಪ್ಪ. ಗಾಲಿಯ ಅಗಲಕ್ಕೂ ಆ ಟೈರು ಒಪ್ಪುತ್ತದೆ.

ನನ್ನ ಗಂಡ ತೋರಿಸಿದ ಅಗಲವಾದ 195/60 ಹಾಕಿದ್ದರೆ ರಬ್ಬರು ನೂರಾ ಹದಿನೇಳಕ್ಕೆ ಇಳಿಯುತ್ತಿತ್ತು. ಅಂದರೆ ಗಾಡಿ ಇನ್ನೂ ಕೆಳಗೆ! ದಿಬ್ಬಕ್ಕೆ ಹೊಟ್ಟೆ ತಾಗುತ್ತದೆ ಎಂದು ಅಳುವವಳಿಗೆ ಇನ್ನಷ್ಟು ಬಗ್ಗಿ ನಡೆ ಎಂದ ಹಾಗೆ. ಅಂಗಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ, "ಹದಿನಾರು ಮಿಲಿಮೀಟರಿಗೆ ಇಷ್ಟು ರಾದ್ಧಾಂತ ಮಾಡ್ತಿ ಅಲ್ಲ ಮೀನಾ" ಎಂದು ನಕ್ಕರು. ಯಮನಪ್ಪನೂ ನಕ್ಕ.

ಮನೆಯಲ್ಲಿ ಮಾವ ಮಡಿವಾಳೆಪ್ಪನವರದು ಇನ್ನೊಂದು ರಾಗ. ಅವರ ಟ್ರ್ಯಾಕ್ಟರಿನ ಹಿಂದಿನ ಗಾಲಿ ನನ್ನ ಎದೆಮಟ್ಟ ಬರುತ್ತದೆ. "ಗಾಡಿ ಮಾರಿ ಜೀಪ್ ತಗೋ. ಸಣ್ಣ ಗಾಲಿ ನಂಬಿ ಯಾರ ಉದ್ಧಾರ ಆಗ್ಯಾರ?" ಎಂದರು. ನೆರೆಮನೆಯವರು ಕಂಪನಿ ಸೈಜೇ ಸರಿ ಎಂದರು. ಸವದತ್ತಿಯ ನನ್ನ ತಮ್ಮ ಫೋನಿನಲ್ಲಿ, ಟೈರು ಬದಲಿಸಿದರೆ ಸ್ಪೀಡಿನ ಮುಳ್ಳು ಸುಳ್ಳು ಹೇಳುತ್ತದೆ ಎಂದು ಹೆದರಿಸಿದ. ಅದೂ ನನಗೆ ಗೊತ್ತಿತ್ತು. ಮುಳ್ಳು ಅರವತ್ತು ತೋರಿಸಿದಾಗ ಗಾಡಿ ಅರವತ್ಮೂರರಲ್ಲಿ ಇರುತ್ತದೆ, ಅಷ್ಟೇ. ಈ ದಾರಿಗಳಲ್ಲಿ ಅರವತ್ತು ಯಾರು ಹೋಗುತ್ತಾರೆ ಎಂದು ಕೇಳಿದೆ. ಅವನು ವಿಷಯ ಬದಲಿಸಿದ. ಎಲ್ಲರಿಗೂ ಒಂದೊಂದು ಅಭಿಪ್ರಾಯ, ಒಬ್ಬರಿಗೂ ಆ ದಾರಿಯಲ್ಲಿ ಗಾಡಿ ಓಡಿಸುವ ಕರ್ಮವಿಲ್ಲ.

ನನ್ನ ಅಳತೆ ಬೈಲಹೊಂಗಲದಲ್ಲಿ ಇರಲಿಲ್ಲ. ಸವದತ್ತಿಯಲ್ಲೂ ಇರಲಿಲ್ಲ. ಸಾಮಾನು ಸಾಗಿಸುವ ಸಣ್ಣ ಗಾಡಿಗಳಿಗೆ ಹಾಕುವ ಟೈರದು, ಕಾರಿಗೆ ಯಾರು ಕೇಳುತ್ತಾರೆ ಎಂದು ಅಂಗಡಿಯವರು ನನ್ನನ್ನೇ ತಿರುಗಿ ಕೇಳಿದರು. ಕೊನೆಗೆ ರಾಮದುರ್ಗದ ಒಂದು ಅಂಗಡಿಯಲ್ಲಿ ನಾಲ್ಕು ಸಿಕ್ಕವು. ನಾನೇ ಹೋಗಿ ತಂದು ಯಮನಪ್ಪನ ಮುಂದೆ ಇಳಿಸಿದೆ.

ಕೂರಿಸಿದ ಮೇಲೆ ನಾನು ಸುಮ್ಮನೆ ಬಿಡಲಿಲ್ಲ. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿದೆ. ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ನಾಲ್ಕು ಜನರನ್ನು ಒಳಗೆ ಕೂರಿಸಿ, ಗಾಡಿ ಕುಗ್ಗಿದಾಗ ಟೈರು ಎಲ್ಲಾದರೂ ಉಜ್ಜುತ್ತದೆಯೋ ಎಂದು ಬಗ್ಗಿ ನೋಡಿದೆ. ಎಲ್ಲೂ ಉಜ್ಜಲಿಲ್ಲ. ಟೈರಿಗೂ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ಸಂದು ಉಳಿದಿತ್ತು.

ಯಮನಪ್ಪನೂ ತನ್ನ ಎರಡು ಬೆರಳು ಒಳಗೆ ತೂರಿಸಿ ನೋಡಿದ. ಆಮೇಲೆ, ಅವತ್ತೂ ಜೊತೆಗೆ ಬಂದಿದ್ದ ನನ್ನ ಗಂಡನ ಕಡೆ ತಿರುಗಿದ. "ಡಾಂಬರಿಗೆ ಇಷ್ಟ ಸಾಕ್ರಿ ಸರ. ಎರಿ ಮಣ್ಣಿನೊಳಗ ಸಾಲೂದಿಲ್ಲ. ಮಣ್ಣ ಹೋಗಾಕ ಜಾಗಾ ಬೇಕಲ್ರಿ."

"ಓಡಸಾಕಿ ನಾನು. ನನ್ನ ಕೂಡ ಮಾತಾಡ್ರಿ" ಎಂದೆ.

"ಅಲ್ರಿ ಬಾಯಾರ, ಸಾಹೇಬ್ರಿಗೆ ಹೇಳಿದ್ರೂ ಅಷ್ಟ, ನಿಮಗ ಹೇಳಿದ್ರೂ ಅಷ್ಟ" ಎಂದು ಹಲ್ಲುಕಿರಿದ.

ಅಷ್ಟು ಸಾಕಾಯಿತು. ಅವನು ಏನು ಹೇಳಿದ ಎನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ, ಯಾರಿಗೆ ಹೇಳಿದ ಎನ್ನುವುದು ಮಾತ್ರ ಬಿತ್ತು. ಬಾಗಿಲು ಧಡ್ಡನೆ ಹಾಕಿಕೊಂಡು ಗಾಡಿ ತೆಗೆದೆ. ನನ್ನ ಗಂಡ ಓಡಿಬಂದು ಹತ್ತಿದರು.

ಒಂದು ತಿಂಗಳು ನಾನು ಗೆದ್ದವಳ ಹಾಗೆ ಓಡಾಡಿದೆ. ಒಣ ದಾರಿಗಳಲ್ಲಿ ದಿಬ್ಬ ನನ್ನ ಗಾಡಿಯ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ಸರಿದುಹೋಗುತ್ತಿತ್ತು. ಮನೆಗೆ ಬಂದು ಅದನ್ನು ದಿನಾ ಹೇಳುತ್ತಿದ್ದೆ. "ಆತು ಮಾರಾಯ್ತಿ, ನೀನ ಶಾಣ್ಯಾಕಿ" ಎಂದು ನನ್ನ ಗಂಡ ಕೈ ಮುಗಿದರು. ಇನ್ನಷ್ಟು ಒಪ್ಪಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತಿತ್ತು.

ಜನವರಿಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಮಳೆ ಬಂತು. ಒಂದು ರಾತ್ರಿ ಸುರಿದು ನಿಂತಿತು. ಮರುದಿನ ಮಧ್ಯಾಹ್ನ ಎರಡಕ್ಕೆ ದುರ್ಗಾಳ ಫೋನು. ದೊಡವಾಡದಿಂದ ಆರು ಕಿಲೋಮೀಟರು ಆಚೆ ಹೊಲದ ಮನೆಯಲ್ಲಿರುವ ಕೆಂಚವ್ವನ ಸೊಸೆ ಅವಳು.

"ಬಾಯಾರ, ನಮ್ಮ ಎಮ್ಮಿ ಈಯಾಕ ಹತ್ತೈತ್ರಿ. ಕಾಲ ಹೊರಗ ಬಂದಾವು, ತೆಲಿ ಕಾಣವಲ್ತು. ಚೊಚ್ಚಲ ಐತ್ರಿ, ಲಗೂನ ಬರ್ರಿ."

ಕರುವಿನ ಕುತ್ತಿಗೆ ಹಿಂದಕ್ಕೆ ಹೊರಳಿದೆ ಎಂದು ಕೇಳಿದ ಕೂಡಲೇ ತಿಳಿಯಿತು. ಕೈ ಹಾಕಿ ತಲೆಯನ್ನು ದಾರಿಗೆ ತಂದರೆ ಕರು ಬದುಕುತ್ತದೆ. ಆದರೆ ಬೇಗ ಆಗಬೇಕು. ಯಾರೂ ಕಾಲು ಹಿಡಿದು ಎಳೆಯಬೇಡಿ ಎಂದು ಹೇಳಿ ಹೊರಟೆ. ಹತ್ತು ನಿಮಿಷದಲ್ಲಿ ಡಾಂಬರು ಮುಗಿಯುವ ತಿರುವಿಗೆ ಬಂದಿದ್ದೆ. ಅಲ್ಲಿಂದ ಹೊಲದ ದಾರಿ ಒಂದೂವರೆ ಕಿಲೋಮೀಟರು. ಯೋಚಿಸದೆ ಗಾಡಿ ಒಳಗೆ ಇಳಿಸಿದೆ.

ಅರ್ಧ ಕಿಲೋಮೀಟರು ಚೆನ್ನಾಗಿಯೇ ಹೋಯಿತು. ಆಮೇಲೆ ಸ್ಟೀರಿಂಗ್ ಬಿಗಿಯಾಯಿತು. ಇಂಜಿನ್ ಅರಚಿತು, ಗಾಡಿ ನಿಂತಿತು. ಜಾರಿ ಹೂತಿರಬೇಕೆಂದು ಇಳಿದು ನೋಡಿದರೆ ಗಾಲಿ ಹೂತಿರಲೇ ಇಲ್ಲ. ಹಸಿ ಎರೆಮಣ್ಣು ಟೈರಿಗೆ ಸುತ್ತಿ ಸುತ್ತಿ ಮೇಲಿನ ಕಮಾನಿನೊಳಗೆ ಗಚ್ಚಿನ ಹಾಗೆ ತುಂಬಿಕೊಂಡಿತ್ತು. ಎರಡು ಬೆರಳಿನ ಸಂದಿನಲ್ಲಿ ಗಾಳಿ ಹೋಗಲೂ ಜಾಗವಿರಲಿಲ್ಲ. ಗಾಲಿ ತಿರುಗದಂತೆ ಮಣ್ಣೇ ಹಿಡಿದು ನಿಲ್ಲಿಸಿತ್ತು.

ಯಮನಪ್ಪನ ಮಾತು ಆಗ ಕಿವಿಗೆ ಬಿತ್ತು. ಪಿತ್ತ ನೆತ್ತಿಗೇರಿತು. ಅವನ ಮೇಲೆ, ಅವನು ಹಲ್ಲುಕಿರಿದದ್ದರ ಮೇಲೆ, ಈ ಸುದ್ದಿ ತಿಳಿದರೆ ಮನೆಯಲ್ಲಿ ಏಳುವ ನಗುವಿನ ಮೇಲೆ. ಚೀಲದಿಂದ ಗೊರಸು ಕೆತ್ತುವ ಚಾಕು ತೆಗೆದು ಮೊಣಕಾಲೂರಿ ಕೂತೆ. ಕೆತ್ತಿದಷ್ಟೂ ಮಣ್ಣು ಚಾಕುವಿಗೆ ಅಂಟುತ್ತಿತ್ತು, ಚಾಕುವಿನಿಂದ ಕೈಗೆ, ಕೈಯಿಂದ ಸೀರೆಗೆ. ಮುಂದಿನ ಎರಡೂ ಗಾಲಿ ಬಿಡಿಸಿ, ಹತ್ತಿ, ಗಾಡಿ ತೆಗೆದೆ. ಐವತ್ತು ಹೆಜ್ಜೆ ಹೋಗಿ ಮತ್ತೆ ನಿಂತಿತು.

ದುರ್ಗಾ ಫೋನ್ ಮಾಡಿದಳು. "ಎಲ್ಲಿದೀರಿ ಬಾಯಾರ?"

"ಬಂದೆ. ಐದ ನಿಮಿಷ."

ಮತ್ತೆ ಕೆತ್ತಿದೆ. ಈ ಸಲ ಸಿಟ್ಟಿನಲ್ಲಿ ಬೆರಳುಗಳಿಂದಲೇ ಬಗೆದೆ. ಉಗುರೊಡೆಯಿತು. ಬಾಯಿಗೆ ಬಂದಂತೆ ಬೈದೆ. ಟೈರನ್ನು, ಮಳೆಯನ್ನು, ಕಬ್ಬಿನ ಟ್ರ್ಯಾಕ್ಟರುಗಳನ್ನು, ಗಂಡನನ್ನು. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತಲೆ ತನ್ನ ಪಾಡಿಗೆ ಕೂಡಿ ಕಳೆಯುತ್ತಿತ್ತು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಅದರಲ್ಲಿ ಮಣ್ಣು ಸೇರಿರಲಿಲ್ಲ ಅಷ್ಟೇ. ಗಾಡಿ ಇನ್ನೊಂದಿಷ್ಟು ದೂರ ಹೋಗಿ ಮೂರನೇ ಸಲ ನಿಂತಿತು. ಮತ್ತೆ ಫೋನು. ಮತ್ತೆ ಐದು ನಿಮಿಷ ಎಂದೆ. ಮತ್ತೆ ಚಾಕು ಎತ್ತಿಕೊಂಡೆ.

ಮೂರನೆಯ ಫೋನಿನಲ್ಲಿ ದುರ್ಗಾ ಅಳುತ್ತಿದ್ದಳು. ಆಗ ಚೀಲ ಹೆಗಲಿಗೇರಿಸಿ, ಚಪ್ಪಲಿ ಅಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ ಓಡಿದೆ. ಬದುವಿನ ಮೇಲಿನ ಹುಲ್ಲು ಹಿಡಿದು ಹೋದರೆ ಕಾಲಿಗೆ ಮಣ್ಣು ಅಷ್ಟೇನೂ ಅಂಟುವುದಿಲ್ಲ. ಮನೆ ಮುಟ್ಟಿ ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷ ಹಿಡಿದಿತ್ತು.

ಕೊಟ್ಟಿಗೆಯಲ್ಲಿ ಎಮ್ಮೆ ಮಲಗಿತ್ತು. ಕಣ್ಣಲ್ಲಿ ಜೀವವಿತ್ತು. ಕೈ ತೊಳೆದು ಒಳಗೆ ಹಾಕಿದೆ. ಕುತ್ತಿಗೆ ನಾನು ಅಂದುಕೊಂಡಲ್ಲೇ ಹೊರಳಿತ್ತು. ದವಡೆ ಸಿಕ್ಕಿತು, ತಿರುಗಿಸಿದೆ, ದಾರಿಗೆ ತಂದೆ. ಕೈಗೆ ರೂಢಿಯಾದ ಕೆಲಸ, ಬಹಳ ಹೊತ್ತೇನೂ ಹಿಡಿಯಲಿಲ್ಲ. ಹೊರಗೆ ಬಂದ ಕರು ಹೆಣ್ಣು. ಮೈ ಇನ್ನೂ ಬಿಸಿಯಿತ್ತು. ಮೂಗಿನ ಲೋಳೆ ತೆಗೆದೆ, ಹುಲ್ಲಿನಿಂದ ಪಕ್ಕೆ ಉಜ್ಜಿದೆ, ಹಿಂಗಾಲು ಹಿಡಿದು ತಲೆಕೆಳಗೆ ಮಾಡಿ ತೂಗಿದೆ, ಎದೆ ಒತ್ತಿದೆ. ನಾಲಿಗೆ ಹೊರಚಾಚಿ ನೀಲಿಯಾಗಿಯೇ ಉಳಿಯಿತು. ಈಗಷ್ಟೇ ಹೋಗಿದೆ ಎಂದು ನನ್ನ ಕೈಗೆ ತಿಳಿಯುತ್ತಿತ್ತು. ಅರ್ಧ ತಾಸಿನ ಹಿಂದೆ ಅದು ಬದುಕಿತ್ತು.

ಎಮ್ಮೆಗೆ ಇಂಜೆಕ್ಷನ್ ಕೊಟ್ಟೆ. ಅದು ಎದ್ದು ನಿಂತು, ಕರುವಿನ ಮೈ ನೆಕ್ಕತೊಡಗಿತು. ದುರ್ಗಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಅಂಗಳದಲ್ಲಿ ಕೆಂಚವ್ವ ಚೆಂಬು ಹಿಡಿದು ನನ್ನ ಕೈಗೆ ನೀರು ಹಾಕಿದಳು. ಎಪ್ಪತ್ತರ ಮುದುಕಿ, ಬಾಗಿ ನಿಂತಿದ್ದಳು. ರಕ್ತ ಬೇಗ ಹೋಯಿತು. ಉಗುರಿನ ಸಂದಿನ ಮಣ್ಣು ಹೋಗಲಿಲ್ಲ.

"ಇಷ್ಟ್ಯಾಕ ಎರಿ ಹತ್ತೇತಿ ಬಾಯಾರ? ಬಿದ್ದರೇನು?"

"ಇಲ್ಲವ್ವಾ. ಗಾಡಿ ಸಿಕ್ಕೊಂಡಿತ್ತು. ಗಾಲಿ ಬಿಡಸಾಕ ಹತ್ತಿದ್ದೆ."

"ಎಷ್ಟೊತ್ತ?"

ಸುಳ್ಳು ಹೇಳಬಹುದಾಗಿತ್ತು. "ನಲವತ್ತ ನಿಮಿಷ" ಎಂದೆ.

ಕೆಂಚವ್ವ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು.

"ಹ್ವಾದ ಮಳಿಗಾಲದಾಗ ಎಲ್ಡ ಸರ್ತಿ ಬಂದಿದ್ರಿ. ಗಾಡಿ ಅಲ್ಲೇ ಡಾಂಬರದ ಮ್ಯಾಲ ಬಿಟ್ಟು ನಡಕೊಂತ ಬಂದಿದ್ರಿ. ಇವತ್ತ್ಯಾಕ ನಡೀಲಿಲ್ರಿ?"

ಹೊಸ ಟೈರು ಹಾಕಿಸಿದ್ದೆ, ಅದಕ್ಕೇ. ಉಗುರಿನ ಸಂದಿನ ಮಣ್ಣನ್ನು ಮತ್ತೆ ಉಜ್ಜತೊಡಗಿದೆ. ಕೆಂಚವ್ವ ಇನ್ನೊಂದು ಚೆಂಬು ನೀರು ತರಲು ಒಳಗೆ ಹೋದಳು.