ಮೂರನೇ ಪುಟದಲ್ಲಿ ನಿಂತವರು

"ಉತ್ತರ ಬಂತೇನೇ?" ಎಂದು ಕೇಳುತ್ತಾ ತಾಯಿ ಊಟದ ಡಬ್ಬಿಯ ಮುಚ್ಚಳ ಒತ್ತಿದಳು.

"ಇನ್ನೂ ಇಲ್ಲಮ್ಮ," ಎಂದಳು ಮಗಳು, ತಟ್ಟೆಯಿಂದ ತಲೆಯೆತ್ತದೆ.

ಹತ್ತು ದಿನದಿಂದ ಇದೇ ಪ್ರಶ್ನೆ, ಇದೇ ಉತ್ತರ. ತಾಯಿ ಕೆಲಸ ಮಾಡುತ್ತಿದ್ದುದು ಮಗಳು ಸೀಟು ಬಯಸಿದ್ದ ವಿಶ್ವವಿದ್ಯಾಲಯದ ಅಂಕಿಅಂಶ ವಿಭಾಗದಲ್ಲಿ, ವರ್ಷವರ್ಷವೂ ನವೀಕರಿಸಬೇಕಾದ ಗುತ್ತಿಗೆಯ ಮೇಲೆ. ಆದರೂ ಮಗಳ ಅರ್ಜಿ ಏನಾಯಿತೆಂದು ವಿಚಾರಿಸುವ ಧೈರ್ಯ ಅವಳಿಗಿರಲಿಲ್ಲ. ಶಿಫಾರಸಿಗೆ ಬಂದಳೆಂದುಕೊಂಡಾರು ಎಂಬ ಅಳುಕು ಒಂದು ಕಡೆ. 'ಇಲ್ಲ' ಎಂಬುದನ್ನು ತಾನೇ ಮೊದಲು ಕೇಳಬೇಕಾದೀತೆಂಬ ಭಯ ಇನ್ನೊಂದು ಕಡೆ. ನೂರಕ್ಕೆ ಏಳು ಜನರಿಗಷ್ಟೇ ಸೀಟು ಸಿಗುವ ಜಾಗ ಅದು. ಗೇಟಿನ ಫಲಕದ ಮೇಲೇ ಹಾಗೆ ಬರೆದಿತ್ತು.

ಆ ದಿನ ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಸಂಸ್ಥೆಗೆ ವಿವರ ಕಳಿಸಬೇಕಿತ್ತು. ಅರ್ಜಿದಾರರು ಹನ್ನೆರಡು ಸಾವಿರ, ಸೀಟು ಪಡೆದವರು ಎಂಟುನೂರ ನಲವತ್ತು. 'ಪರಿಶೀಲಿಸಿದ್ದೇನೆ' ಎಂಬಲ್ಲಿ ಅವಳ ಸಹಿ ಬೇಕು. ಹೋದ ವರ್ಷ ಒಟ್ಟು ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿದ್ದಳು. ಆಮೇಲೆ ತಿಂಗಳುಗಟ್ಟಲೆ ಎಲ್ಲೋ ತಪ್ಪಿದೆನೇನೋ ಎಂದು ಕೊರಗಿದ್ದಳು. ಅದಕ್ಕೇ ಈ ಸಲ ತಿರಸ್ಕೃತರ ಪಟ್ಟಿಯನ್ನು ಸಾಲುಸಾಲಾಗಿ ಓದತೊಡಗಿದಳು.

ನಲವತ್ತನೇ ಹಾಳೆಯಲ್ಲಿ ಅವಳ ಬೆರಳು ನಿಂತಿತು. ಅಲ್ಲಿದ್ದದ್ದು ಅವಳದೇ ಮೊಬೈಲ್ ನಂಬರು. ಮನೆಯಲ್ಲಿ ಎಲ್ಲ ಅರ್ಜಿಗೂ ಕೊಡುವುದು ಅದನ್ನೇ. ಪಕ್ಕದಲ್ಲಿ ಮಗಳ ಹೆಸರು. ಅದರ ಮುಂದೆ: 'ಮೂರನೇ ಪುಟ. ಅಪೂರ್ಣ.'

ಮಗಳು ಅರ್ಜಿ ಹಾಕಿಯೇ ಇರಲಿಲ್ಲ. 'ನಿಮ್ಮನ್ನೇ ಏಕೆ ಆರಿಸಬೇಕು?' ಎಂದು ಕೇಳುವ ಪುಟದಲ್ಲಿ ನಿಲ್ಲಿಸಿಬಿಟ್ಟಿದ್ದಳು. ಆ ಪಟ್ಟಿಯಲ್ಲಿ ಹಾಗೆ ಅರ್ಧಕ್ಕೆ ಬಿಟ್ಟವರು ಏಳು ಸಾವಿರದ ಇನ್ನೂರು ಮಂದಿ. ಎಲ್ಲರೂ 'ತಿರಸ್ಕೃತರು'.

ಕಾಗದ ಹಿಡಿದು ಮೇಲಧಿಕಾರಿಯ ಮುಂದೆ ನಿಂತಳು. ಕಚೇರಿಯಲ್ಲಿ ಅವರಿಗೆ 'ದಶಮಾಂಶ' ಎಂಬ ಅಡ್ಡಹೆಸರು; ಚಹಾಕ್ಕೆ ಸಕ್ಕರೆಯನ್ನೂ ಒಂದೂವರೆ ಚಮಚ ಎಂದೇ ಕೇಳುವವರು.

"ಸಾರ್, ಇವರು ಅರ್ಜಿನೇ ಹಾಕಿಲ್ಲ. ಇವರನ್ನ ಬಿಟ್ರೆ ನೂರಕ್ಕೆ ಹದಿನೇಳೂವರೆ ಆಗುತ್ತೆ."

"ಫಾರಂ ತೆರೆದ್ರಲ್ಲ, ಸಾಕು ಬಿಡಮ್ಮ. ಎಲ್ಲ ಕಡೆ ಹೀಗೇ ಎಣಿಸೋದು. ಏಳು ಹೋಗಿ ಹದಿನೇಳಾದ್ರೆ, ಇಲ್ಲಿ ಯಾರಿಗೂ ಸೀಟು ಸಿಗುತ್ತೆ ಅಂದ್ಕೊಂಡುಬಿಡ್ತಾರೆ; ಒಳ್ಳೆ ಮಕ್ಕಳು ಈ ಕಡೆ ತಲೆ ಹಾಕ್ತಾರಾ? ಮಕ್ಕಳೇ ಬರದಿದ್ರೆ ನಿಮಗೂ ನನಗೂ ಇಲ್ಲೇನು ಕೆಲಸ?"

"ಓದು ಮುಗಿಸಿದವರ ಲೆಕ್ಕನೂ ಹಾಗೇ ಸಾರ್. ಸೇರಿದ ನೂರರಲ್ಲಿ ಐವತ್ತೈದೇ ಮುಗಿಸಿದ್ದು. ಮೊದಲ ವರ್ಷ ಬಿಟ್ಟು ಹೋದವರನ್ನ ತೆಗೆದುಹಾಕಿ ಎಂಬತ್ತೊಂದು ಅಂತ ಬರೆದಿದೀವಿ."

ಅವರು ಕನ್ನಡಕ ತೆಗೆದರು. ಕೋಪವಿರಲಿಲ್ಲ; ಆಯಾಸವಿತ್ತು. "ನನಗೇನು ಗೊತ್ತಿಲ್ವಾ? ನನಗೂ ಮೇಲೊಬ್ಬರು ಇದಾರಮ್ಮ. ನಿಮ್ಮ ಗುತ್ತಿಗೆ ಮುಂದಿನ ತಿಂಗಳು ಅಲ್ವಾ? ಸುಮ್ಮನೆ ಸೈನ್ ಹಾಕಿ."

ಕುರ್ಚಿಗೆ ಮರಳಿ ಕಂಪ್ಯೂಟರಿನಲ್ಲಿ ಪಟ್ಟಿ ತೆರೆದಳು. ಮಗಳ ಸಾಲೊಂದನ್ನೇ ಅಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಳಿಸಿದಳು. ಕಣ್ಣು ಮುಂದಿನ ಸಾಲಿಗಿಳಿಯಿತು. ಕೆಳಗಿನ ಸಾಲಿನಲ್ಲೂ ಯಾರದೋ ತಾಯಿಯ ನಂಬರಿರಬಹುದು.

ಐದು ಗಂಟೆಗೆ ಅವಳು ಮೇಲಧಿಕಾರಿಯ ಮೇಜಿನ ಮೇಲಿಟ್ಟ ಹಾಳೆಯಲ್ಲಿ ಹದಿನೇಳೂವರೆ ಎಂದಿತ್ತು. ಅದರ ಕೆಳಗೆ ಐವತ್ತೈದು. ಅದರ ಕೆಳಗೆ ಅವಳ ಸಹಿ.

ಮನೆಯಲ್ಲಿ ಮಗಳು ಬಟ್ಟೆ ಮಡಚುತ್ತಿದ್ದಳು. ತಾಯಿ ಪಕ್ಕದಲ್ಲಿ ಕುಳಿತಳು.

"ನಿನ್ನ ಫಾರಂ ಮೂರನೇ ಪುಟದಲ್ಲೇ ನಿಂತಿದೆ ಕಣೇ."

ಮಗಳ ಕೈಯಲ್ಲಿದ್ದ ಬಟ್ಟೆ ಜಾರಿತು. "ಬೈಬೇಡಮ್ಮ. ನೂರಕ್ಕೆ ಏಳು ಅಂದ್ರೆ... ನಾನೆಲ್ಲಿ? ನಿನ್ನ ಹತ್ರ ಹೇಳೋಕೂ ಭಯ ಆಯ್ತು."

"ಬೈಯೋಕೆ ನಂಗೇನಿದೆ ಬಾಯಿ? ಹೋದ ವರ್ಷ ಆ ಏಳಕ್ಕೆ ಸೈನ್ ಹಾಕಿದವಳು ನಾನೇ."

ಮಗಳು ಅವಳ ಕಡೆ ತಿರುಗಿದಳು. "ಈ ವರ್ಷ?"

"ಏಳಕ್ಕೆ ಹಾಕಲಿಲ್ಲ. ಹದಿನೇಳೂವರೆ ಅಂತ ನಿಜ ಬರೆದು ಹಾಕಿದೆ."

"ಮತ್ತೆ ನಿನ್ನ ಕೆಲಸ?"

"ಗೊತ್ತಿಲ್ಲ," ಎಂದಳು ತಾಯಿ. "ನಂಗೂ ಭಯ ಆಗ್ತಿದೆ."

ಮಗಳು ಬಿದ್ದ ಬಟ್ಟೆಯನ್ನು ಎತ್ತಿಕೊಂಡು ಅದರ ಒಂದು ಅಂಚನ್ನು ತಾಯಿಯ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಡಚಿದರು.

"ಅಮ್ಮಾ, ಆ ಮೂರನೇ ಪುಟಕ್ಕೆ ಏನು ಬರೀಬೇಕು ಅಂತ ಈಗ ಗೊತ್ತಾಗ್ತಿದೆ," ಎಂದಳು ಮಗಳು. "ಭಯ ಇಟ್ಕೊಂಡೇ ನೀನು ನಿಜ ಬರೆದ ಕಥೆ. ಮುಂದಿನ ವರ್ಷ ಪೂರ್ತಿ ಬರೀತೀನಿ. ಅಲ್ಲಿಗೋ, ಬೇರೆ ಕಡೆಗೋ ಆಮೇಲೆ ನೋಡೋಣ."