ದೊಡ್ಡವ್ವ ಒಗೆದ ಅಕ್ಕಿಕಾಳು

ನಮ್ಮ ಅಕ್ಕ ಕೆಂಚವ್ವನಷ್ಟು ಹಟಮಾರಿ ನಮ್ಮೂರು ತೆಲಸಂಗದಲ್ಲಿ ಇನ್ನೊಬ್ಬಳಿರಲಿಲ್ಲ. ತೀರಿಕೊಂಡ ತಂಗಿಯ ಮಗಳು ಸುಂದರಾಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಆದರೆ ತೊಂಬತ್ತೊಂದನೇ ಇಸವಿಯಲ್ಲಿ ಹುಡುಗಿಯ ಮದುವೆ ಗೊತ್ತಾದಾಗ ಬೇರೆಯೇ ರಾಗ ತೆಗೆದಳು.

"ಗಂಡ ಸತ್ತಾಕಿ ನಾ. ಹಂದರದಾಗ ಬರೂದಿಲ್ಲ. ಕೊಟ್ಟಿಗಿ ಕಟ್ಟಿ ಮ್ಯಾಲ ನಿಂತ ಅಕ್ಕಿಕಾಳ ಒಗೀತೀನಿ."

ಮದುವೆ ಚಪ್ಪರದೊಳಗೆ ಬಂದೇ ಅಕ್ಷತೆ ಹಾಕು ಎಂದು ನಾನು ಬೈದೆ, ಒಂದು ಹೊತ್ತು ಊಟವನ್ನೂ ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ಆದ್ರ ನಾ ಒಗದ ಕಾಳು ಕೂಸಿನ ತಲಿ ಮ್ಯಾಲ ಬೀಳಬೇಕ ನೋಡ. ನೀ ವಿಜ್ಞಾನದ ಮಾಸ್ತರ ಅಲ್ಲೇನೋ? ಹೆಂಗ ಒಗೀಬೇಕು ಹೇಳ."

ಹಿಂದೆ ನಿಂತವರ ಕಾಳು ಮುಂದೆ ಕೂತವರ ಟೋಪಿಯ ಮೇಲೆ ಬೀಳುವುದು ಎಲ್ಲ ಮದುವೆಗಳಲ್ಲೂ ಇದ್ದದ್ದೇ. ಇನ್ನು ಕೊಟ್ಟಿಗೆಯಿಂದ ಒಗೆದದ್ದು ಎಲ್ಲಿ ಮುಟ್ಟೀತು? ಆದರೂ ಸುಗ್ಗಿ ಮುಗಿದ ಕಣದಲ್ಲಿ ಬುಟ್ಟಿಯೊಂದನ್ನು ಮಗುಚಿಟ್ಟು, ಅದನ್ನೇ ಮದುಮಗಳೆಂದುಕೊಂಡು ತಾಲೀಮು ಶುರು ಮಾಡಿದೆವು. ನೇರ ಒಗೆದರೆ ಬೇಗ ನೆಲಕ್ಕೆ ಬೀಳುತ್ತದೆ, ತೀರ ಮೇಲೆ ಒಗೆದರೆ ನಮ್ಮ ತಲೆಗೇ ಬರುತ್ತದೆ, ನಡುವಿನ ಓರೆ ಹಿಡಿ ಎಂದೆ. ಮೊದಲು ಒಗೆದು ನೋಡಿದ ಹರಳುಕಲ್ಲು ಸರಿಯಾಗಿ ಬುಟ್ಟಿಗೇ ಬಡಿಯಿತು. ಅಕ್ಕಿ ಮಾತ್ರ ಅರ್ಧ ದಾರಿಯಲ್ಲೇ ಚದುರಿತು.

"ಭೂಮಿ ಎರಡನ್ನೂ ಒಂದ ಸಮ ಎಳೀತೈತಿ ಅಕ್ಕಾ. ನಡುವ ಗಾಳಿ ಅಡ್ಡ ಬರತೈತಿ. ಹಗುರ ಕಾಳಿಗೆ ಅದರ ಕಾಟ ಜಾಸ್ತಿ."

"ಹಂಗಾರ ನನಗ ಬೈದಂಗ ಊಟ ಬಿಟ್ಟು ಗಾಳಿಗೆ ಬೈ."

ಅಕ್ಕಿ ಬಿಟ್ಟು ದಪ್ಪನೆಯ ಬಿಳಿಜೋಳ ತಂದೆ. ಅರಿಸಿನ ಹಚ್ಚಿದರೆ ನಮ್ಮಲ್ಲಿ ಜೋಳವೂ ಅಕ್ಕಿಕಾಳೇ. ದಿನವೂ ಕೋಳಿಗಳಿಗೆ ಹಬ್ಬ. ಮದುವೆಯ ಹೊತ್ತಿಗೆ ಅಕ್ಕ ಒಗೆದ ಜೋಳ ಬುಟ್ಟಿಯ ಮೇಲೆ ಬೀಳತೊಡಗಿತ್ತು. ಅವಳ ಸಂತೋಷ ನೋಡಿ ನನಗೂ ಖುಷಿಯಾಯಿತು.

ಮದುವೆಯ ದಿನ ಸೋದರಮಾವನಾದ ನಾನು ಸುಂದರಾಳ ಹಿಂದೆ ನಿಂತಿದ್ದೆ. ಭಟ್ಟರು ಮರಾಠಿ ಮಂಗಳಾಷ್ಟಕ ಹಾಡಿ "ಸಾವಧಾನ" ಎಂದರು. ದೂರದ ಕಟ್ಟೆಯ ಮೇಲೆ ಅಕ್ಕ ಕೈ ಬೀಸಿದಳು. ಕಾಳು ಚೆಂದಾಗಿ ಮೇಲೇರಿತು. ಮರುಕ್ಷಣ ನಮ್ಮ ತಲೆಯ ಮೇಲಿನ ತಾಡಪತ್ರಿಯಲ್ಲಿ ಪಟಪಟ ಸದ್ದು.

ಗಾಳಿಯ ಲೆಕ್ಕ ಹಿಡಿದ ಮಾಸ್ತರ ಹಂದರದ ಮಾಡನ್ನು ಮರೆತಿದ್ದ! ಕಣದಲ್ಲಿ ತಲೆಯ ಮೇಲೆ ಬರೀ ಆಕಾಶವಿತ್ತು. ಅಕ್ಕ ಮತ್ತೆ ಮತ್ತೆ ಒಗೆದಳು, ಕಾಳೆಲ್ಲ ಮಾಡಿನ ಮೇಲೇ ಉಳಿಯಿತು. ನಾಚಿಕೆಯಿಂದ ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು.

ಸುಂದರಾ ಮೇಲೆ ನೋಡಿದಳು. ಅದು ಯಾರ ಕಾಳೆಂದು ಅವಳಿಗೆ ಗೊತ್ತಿತ್ತು. ಅಂತರಪಟ ಸರಿದು ಮಾಲೆ ಹಾಕಿದ್ದೇ ತಡ, ಬಾಸಿಂಗ ಕಟ್ಟಿಕೊಂಡೇ ಮಣೆಯಿಂದಿಳಿದು ಮಂದಿಯ ನಡುವೆ ನಡೆದಳು.

"ಎಲ್ಲಿ ಹೊಂಟಿ ಬೇ?" ಎಂದು ಗಂಡಿನ ಸೋದರತ್ತೆ ತುಳಸವ್ವ ಕೂಗಿದಳು. ಗಂಡು ಮಾತ್ರ ನಗುತ್ತ ಅವಳ ಹಿಂದೆಯೇ ಬಂದ.

ಸುಂದರಾ ಕಟ್ಟೆಯ ಬುಡದಲ್ಲಿ ನಿಂತು ತಲೆ ಬಗ್ಗಿಸಿದಳು. "ನೀ ಒಳಗ ಬರೂದಿಲ್ಲಂದ್ರ ನಾ ಹೊರಗ ಬಂದೀನಿ. ಒಗಿ ದೊಡ್ಡವ್ವ."

ಸೆರಗಿನ ತುದಿಯಲ್ಲಿ ಇನ್ನೊಂದು ಹಿಡಿ ಜೋಳ ಉಳಿದಿತ್ತು. ಅಕ್ಕ ಅದನ್ನು ಮುಷ್ಟಿಯಲ್ಲಿ ಹಿಡಿದು ಕೈ ಎತ್ತಿದಳು, ಆದರೆ ಬೀಸಲಿಲ್ಲ. ಅಳುತ್ತ ಅಳುತ್ತಲೇ ಸುಂದರಾಳ ತಲೆಯ ಮೇಲೆ ಮುಷ್ಟಿ ಬಿಚ್ಚಿದಳು.

ಉಳಿದದ್ದನ್ನು ಭೂಮಿಯೇ ನೋಡಿಕೊಂಡಿತು.