ಪೆನ್ಸಿಲ್ಲಿನಲ್ಲಿ ಬರೆದದ್ದು

ಮುಂದೆ ನಿಂತವನ ಅಂಗಿಯ ಕಾಲರಿನಿಂದ ಒಂದು ಎಳೆ ಬಿಟ್ಟುಕೊಂಡಿದೆ, ಗಾಳಿ ಬಂದರೆ ಅಲುಗುತ್ತದೆ, ಗಾಳಿ ನಿಂತರೆ ಕುತ್ತಿಗೆಯ ಬೆವರಿಗೆ ಅಂಟಿಕೊಳ್ಳುತ್ತದೆ, ಮಿಲ್ಲಿನ ಬಟ್ಟೆ, ಹಾಳು ನೇಯ್ಗೆ ಎಂದುಕೊಂಡ ಶ್ರೀರಾಮುಲು, ಕೈ ಚಾಚಿ ಕಿತ್ತುಬಿಡೋಣವೆನ್ನಿಸಿತು, ಕಿತ್ತರೆ ಆ ಪುಣ್ಯಾತ್ಮ ತಿರುಗಿ ಏನಯ್ಯಾ ಅಂದಾನು — ಬೇಡ. ಕೈಯಲ್ಲಿ ಅರ್ಜಿ ಇದೆ, ಮಡಿಕೆ ಬೀಳಬಾರದು. ಹಿಂದೂಪುರದ ಈ ಕಾಲೇಜಿನ ವರಾಂಡದಲ್ಲಿ ಒಂಬತ್ತು ಗಂಟೆಯಿಂದ ನಿಂತು ಕಾಲು ಜೋಮು ಹಿಡಿದಿದೆ, ಕಾಲೇನು ಮಹಾ, ಒಂದು ವಾರದಿಂದ ಎದೆಯೂ ಹಾಗೇ ಇದೆ, ಚಿವುಟಿದರೂ ಗೊತ್ತಾಗದು. ಇವತ್ತೇ ಕೊನೆಯ ದಿನ, ಒಂದು ಗಂಟೆಗೆ ಕಿಟಕಿ ಮುಚ್ಚುತ್ತಾರಂತೆ. ಮಗಳು ಎಲ್ಲವನ್ನೂ ಶಾಯಿಯಲ್ಲೇ ತುಂಬಿದ್ದಾಳೆ, ಅವಳ ಹೆಸರು, ಇವನ ಹೆಸರು, ಇಂಟರ್ ಪರೀಕ್ಷೆಯ ಮಾರ್ಕು, ಒಂದು ಚೌಕದಲ್ಲಿ ಮಾತ್ರ ಪೆನ್ಸಿಲ್ಲು, ಯಾವ ಡಿಗ್ರಿ ಬೇಕು ಎಂದು ಕೇಳುವ ಚೌಕ — ಅಪ್ಪಾ, ಇದೊಂದು ಪೆನ್ಸಿಲಲ್ಲಿ ಬರ್ದಿದೀನಿ, ನಿಂಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಯಾರ ಕೈಲಾದ್ರೂ ಪೆನ್ನಲ್ಲಿ ಬರ್ಸ್ಬುಡು, ನಾನು ಹೋಯ್ತೀನಿ ಅಂದು ಹೋದ ವಾರ ಕಲ್ಯಾಣದುರ್ಗದ ಬಸ್ಸು ಹತ್ತಿಬಿಟ್ಟಳು ಚೌಡೇಶ್ವರಿ. ಅಲ್ಲಿ ಅವಳ ಪೆದ್ದಮ್ಮ, ಅಮ್ಮನ ಅಕ್ಕ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾಳೆ, ಗಂಜಿ ಕಾಯಿಸಲು ಒಬ್ಬರು ಬೇಕು. ನಿಂಗೆ ಸರಿ ಅನ್ಸಿದ್ದು ಅಂದಳಲ್ಲ, ಇವನಿಗೆ ಗೊತ್ತಿರುವುದು ನಾಲ್ಕನೇ ಕ್ಲಾಸಿನ ತೆಲುಗು, ಚೌಕದಲ್ಲಿರುವುದು ಇಂಗ್ಲಿಷು. ಓದಬೇಕಾಗಿಯೂ ಇಲ್ಲ, ಏನು ಬರೆದಿರುತ್ತಾಳೆಂದು ಗೊತ್ತಿಲ್ಲವೇ, ಬಾಟನಿ, ಎರಡು ವರ್ಷದಿಂದ ಮನೆಯಲ್ಲಿ ಅದೊಂದೇ ಜಪ.

ಪೆನುಕೊಂಡದ ಬೆಟ್ಟಕ್ಕೆ ಕಾಲೇಜಿನವರ ಜೊತೆ ಹೋದವಳು ಚೀಲದ ತುಂಬ ಸೊಪ್ಪು ತಂದಳು, ಏನಮ್ಮಾ ಸಾರಿಗಾ ಅಂದರೆ ನಗುತ್ತಾಳೆ, ಇಲ್ಲಪ್ಪ ಒಣಗಿಸ್ಬೇಕು, ಒಣಗಿಸಿದ್ದಾದರೂ ಎಲ್ಲಿ, ಮಗ್ಗದಿಂದ ಇಳಿಸಿ ಮಡಚಿಟ್ಟ ರೇಷ್ಮೆ ಸೀರೆಯ ಮಡಿಕೆಯೊಳಗೆ, ಭಾರ ಬೇಕಲ್ಲಪ್ಪ ಅದಕ್ಕೆ ಅಂತ! ಕೆನೆಬಣ್ಣದ ಸೆರಗಿನ ಮೇಲೆ ಎಲೆಯಷ್ಟೇ ಅಗಲದ ಹಸಿರು ಕಲೆ, ಹೊಡೆಯಲೆಂದೇ ಕೈ ಎತ್ತಿದ್ದ, ಎತ್ತಿದವನು ನೋಡುತ್ತಾ ನಿಂತ, ಒಂದೊಂದು ನರವೂ ಬಿದ್ದಿತ್ತು, ಮೂವತ್ತು ವರ್ಷ ನೇಯ್ದ ಈ ಕೈಗೆ ಅಂಥ ಬುಟ್ಟಾ ಬಂದಿಲ್ಲ. ಥೂ ಪೆದ್ದಿ ಅಂದು ಸೀರೆಯನ್ನು ಹೆಂಡತಿಗೆ ಉಟ್ಟುಕೋ ಅಂತ ಕೊಟ್ಟ. ತುಂಬೆ ಗಿಡಕ್ಕೆ ಲ್ಯೂಕಾಸ್ ಅಂತಾರಪ್ಪ, ಯಾರಮ್ಮಾ ಅವನು ಲ್ಯೂಕಾಸು, ಕಿರಸ್ತಾನದವನಾ? — ಬಿದ್ದು ಬಿದ್ದು ನಕ್ಕಿದ್ದಳು. ಆ ನಗುವನ್ನು ನೆನೆದರೆ ಏನಾದರೂ ಆಗಬೇಕಿತ್ತು, ಆಗಲಿಲ್ಲ, ಸಾಲು ಒಂದು ಹೆಜ್ಜೆ ಮುಂದೆ ಹೋಯಿತು, ಇವನೂ ಹೋದ. ಆ ಪೆದ್ದಮ್ಮನ ಗಂಡ, ಷಡ್ಡಕ ಆದಿನಾರಾಯಣ ಕಲ್ಯಾಣದುರ್ಗದಲ್ಲಿ ಆಫೀಸು ಗುಮಾಸ್ತ, ನಾಲ್ಕು ಜನರನ್ನು ಕಂಡವನು, ಬಂದಾಗ ಮಗಳ ಎದುರಿಗೇ ಅಂದುಬಿಟ್ಟ, ಗಿಡ ಓದಿ ಏನ್ಲಾ ಮಾಡ್ತಾಳೆ ಶ್ರೀರಾಮು, ನಮ್ಮೂರಾಗೆ ಮೇಕೆಗೋಳು ಅದಕ್ಕಿಂತ ಚೆಂದಾಗಿ ಓದ್ತವೆ, ಬಿ.ಕಾಂ ಮಾಡ್ಸು, ಬ್ಯಾಂಕ್ ಪರೀಕ್ಷೆ ಕಟ್ಲಿ, ಇಲ್ದಿದ್ರೆ ಮೂರು ವರ್ಷ ಆದ್ಮೇಲೆ ನಿನ್ ಮಗ್ಗದ ಮುಂದೇನೇ ಕೂತ್ಕೊತಾಳೆ ನೋಡ್ಕೊ. ಎಲ್ಲರೂ ನಕ್ಕರು, ಇವನೂ ನಕ್ಕ, ಮಗಳೂ ನಕ್ಕಳು. ಪಕ್ಕದ ಬೀದಿಯಲ್ಲಿ ಪವರ್ ಲೂಮು ಬಂದಿದೆ, ಹಗಲೆಲ್ಲ ಗೋಡೆ ನಡುಗುತ್ತದೆ, ಇವನು ವಾರವಿಡೀ ನೇಯುವುದನ್ನು ಅದು ಊಟದ ಹೊತ್ತಿಗೆ ನೇಯ್ದು ಉಗುಳುತ್ತದೆ, ಮಗ್ಗದ ಮುಂದೆ ಕೂರುವ ಭಾಗ್ಯವೂ ಇರುವುದಿಲ್ಲ ಅವಳಿಗೆ. ಪೆನುಕೊಂಡದ ಬ್ಯಾಂಕಿನಲ್ಲಿ ಒಂದು ಹೆಣ್ಣುಮಗಳನ್ನು ನೋಡಿದ್ದನಲ್ಲ, ಗಾಜಿನ ಹಿಂದೆ, ನೆತ್ತಿಯ ಮೇಲೆ ಫ್ಯಾನು, ಪೇಟ ಕಟ್ಟಿದ ಗೌಡರು ಬಗ್ಗಿಕೊಂಡು ಮೇಡಂ ಮೇಡಂ ಅನ್ನುತ್ತಿದ್ದರು, ಚೌಡಿ ಹಾಗೆ ಕೂರಲಿ, ಇನ್ನೊಬ್ಬರ ಮುಂದೆ ಕೈ ಒಡ್ಡದೆ ಬದುಕಲಿ, ತುಂಬೆ ಗಿಡ ಎಲ್ಲಿ ಹೋಗುತ್ತದೆ, ಬೇಲಿಯಲ್ಲಿ ಇದ್ದೇ ಇರುತ್ತದೆ. ಅಳುತ್ತಾಳೆ, ಅತ್ತುಕೊಳ್ಳಲಿ, ಅಪ್ಪ ಪಾಪಿ ಅನ್ನಲಿ, ಅನ್ನಿಸಿಕೊಂಡರಾಯಿತು. ಹಾಗೆ ನಿಶ್ಚಯ ಮಾಡಿ ಒಂದು ವಾರವಾಯಿತು.

ಪೆನ್ಸಿಲ್ ಇದ್ರೆ ತಗಳಲ್ಲ ಕಣಪ್ಪ, ವಾಪಸ್ ಕಳಿಸ್ಬುಡ್ತಾರೆ, ಎಂದರು ಹಿಂದೆ ನಿಂತವರು. ಚಿಲಮತ್ತೂರಿನ ಕೊಂಡಪ್ಪ ಮೇಷ್ಟ್ರಂತೆ, ಮಗನ ಅರ್ಜಿ ಕೊಡಲು ಬಂದವರು, ಜೇಬಿನಲ್ಲಿ ಪೆನ್ನು, ರಬ್ಬರು, ಎಲ್ಲ ಇದೆ. ದೇವರೇ ನಿಲ್ಲಿಸಿದ ಹಾಗೆ ನಿಂತಿದ್ದಾರೆ, ಇನ್ನು ನೆಪವಿಲ್ಲ. ಅರ್ಜಿ ಚಾಚಿದ. ಅದನ್ನ ಅಳಿಸ್ಬುಟ್ಟು ಬಿ.ಕಾಂ ಅಂತ ಬರೀರಿ ಮೇಷ್ಟ್ರೇ ಎಂದ, ಅಂದದ್ದು ಬೇರೆ ಯಾರೋ ಎನ್ನಿಸಿತು. ಮೇಷ್ಟ್ರು ಕನ್ನಡಕ ಏರಿಸಿದರು, ರಬ್ಬರು ಹಿಡಿದ ಕೈ ಹಾಗೇ ನಿಂತಿತು. ಅಳ್ಸೋದ್ಯಾಕಪ್ಪ, ಬಿ.ಕಾಂ ಅಂತಲೇ ಬರ್ದವ್ಳಲ್ಲ ನಿನ್ ಮಗಳು. ಇಲ್ಲ ಮೇಷ್ಟ್ರೇ, ಬಾಟನಿ ಇರ್ಬೇಕು, ಸರ್ಯಾಗಿ ನೋಡಿ. ಅಯ್ಯೋ, ನಾನೇನು ಸುಳ್ಳೇಳ್ತೀನಾ, ಅಂದವರು ಕಾಗದವನ್ನು ಬಿಸಿಲಿಗೆ ಹಿಡಿದರು — ಹ್ಞಾ, ಕೆಳಗೆ ಬಾಟನಿ ಅಂತ ಇತ್ತು ಕಣಪ್ಪ, ಅಳ್ಸವ್ಳೆ, ಒಂದ್ಸಲ ಅಲ್ಲ, ಬರ್ದು ಅಳ್ಸಿ, ತಿರ್ಗಾ ಬರ್ದು ಅಳ್ಸಿ, ಕಾಗ್ದ ತೂತು ಬೀಳೋ ಹಂಗೆ ಮಾಡವ್ಳೆ. ಹೆಬ್ಬೆರಳು ತಾನಾಗಿ ಚೌಕದ ಮೇಲೆ ಹೋಯಿತು, ಸವೆದು ಜುಂಗೆದ್ದ ಕಾಗದ, ಬಿಚ್ಚಿ ಮತ್ತೆ ನೇಯ್ದ ಜಾಗ ಕತ್ತಲಲ್ಲೂ ಗೊತ್ತಾಗುವ ಬೆರಳು ಇದು. ತಾನು ಅಳಿಸಬೇಕೆಂದು ಒಂದು ವಾರ ಎದೆ ಗಟ್ಟಿ ಮಾಡಿಕೊಂಡದ್ದನ್ನು ಅವಳೇ ಅಳಿಸಿಟ್ಟು ಹೋಗಿದ್ದಾಳೆ. ಯಾರು ಹೇಳಿದರು ಅವಳಿಗೆ, ನಾನು ಹೇಳಿಲ್ಲವಲ್ಲ, ನಿನ್ನಿಷ್ಟ ಕಣಮ್ಮ ಅಂತಲೇ ಅಂದೆ, ಅನ್ನುವಾಗ ಮುಖ ಹೇಗಿತ್ತೋ. ಆದಿನಾರಾಯಣ ಅಂದಾಗ ನಕ್ಕೆನಲ್ಲ, ಅದನ್ನು ನೋಡಿರಬೇಕು. ಪಾಪಿ ಅನ್ನಿಸಿಕೊಳ್ಳುವ ಸುಖವನ್ನೂ ಉಳಿಸಲಿಲ್ಲ ಮಗಳು.

ಹಂಗಾದ್ರೆ ಇದರ ಮೇಲೇ ಪೆನ್ನಲ್ಲಿ ತಿದ್ಲೇನಪ್ಪ? ಈಗಲೂ ಹೇಳಬಹುದು, ಅಳಿಸಿ ಮೇಷ್ಟ್ರೇ, ಬಾಟನಿ ಬರೀರಿ, ಇಷ್ಟೇ ಮಾತು, ಹೇಳು, ಹೇಳೋ — ಮೇಷ್ಟ್ರು ಒಂದು ಗಳಿಗೆ ಕಾದರು, ಸರಿ ಅಂದುಕೊಂಡರೇನೋ, ತಿದ್ದಿದರು, ಊದಿ ಒಣಗಿಸಿ ಕೈಗಿಟ್ಟರು. ತ್ವರಗಾ ರಂಡಿ, ಬೇಗ ಬನ್ನಿ, ಅಂದ ತೆಲುಗಿನ ಕಿಟಕಿಯವನು, ಏ ಗ್ರೂಪು, ಯಾವ ಡಿಗ್ರಿ, ಅಂದ, ತಾನೇ ಓದಿಕೊಂಡ, ಮೊಹರು ಬಿತ್ತು, ಮುಗಿಯಿತು. ಅವತ್ತು ಬಸ್ಸು ಹತ್ತುವ ಮುಂಚೆ ಚೌಡಿ ಜಗಲಿಯ ಮೇಲೆ ಬಗ್ಗಿ ಕೂತಿದ್ದಳು, ಬೆನ್ನು ಮಾಡಿಕೊಂಡು, ಮಂಡಿಯ ಮೇಲೆ ಹಲಗೆ, ಏನಮ್ಮಾ ಅದು ಅಂದರೆ ಏನಿಲ್ಲಪ್ಪ ಅಂದಳು, ತಿರುಗಲಿಲ್ಲ, ಮೊಣಕೈ ಆಡುತ್ತಿತ್ತು, ಉಜ್ಜುತ್ತಿದ್ದಳು, ಉಫ್ ಎಂದು ಊದಿದಳು — ಪಕ್ಕಕ್ಕೆ ಸರಿಯಪ್ಪ ಎಂದರು ಯಾರೋ, ಸರಿದ — ಉಜ್ಜುತ್ತಾಳೆ, ಊದುತ್ತಾಳೆ, ಲಂಗದ ಮೇಲೆ ರಬ್ಬರಿನ ಪುಡಿ, ಮತ್ತೆ ಬರೆಯುತ್ತಾಳೆ, ಉಜ್ಜುತ್ತಾಳೆ, ಲಂಗದ ಮೇಲೆ ರಬ್ಬರಿನ ಪುಡಿ, ಕೊಡವಿಕೊಳ್ಳಮ್ಮ, ಬಸ್ಸಿಗೆ ಹೊತ್ತಾಯಿತು, ಲಂಗದ ಮೇಲೆ ರಬ್ಬರಿನ ಪುಡಿ —